ತಮ್ಮನ ಕೈಲಿ 97 ಪರ್ಸೆಂಟ್ ಕೆಲಸ ಮಾಡೋ ಗ್ಲವ್, ಅಪ್ಪಾಜಿ ಕೈಲಿ ಯಾಕೆ ಮಾಡ್ತಿಲ್ಲ?

ಪ್ರಶ್ನೆ: ಮೇಡಂ ನಮಸ್ತೆ. ನಮ್ದು ಸಕಲೇಶಪುರ ತಾಲೂಕು, ಹಾನುಬಾಳು ಹತ್ರ ಸಣ್ಣ ಕಾಫಿ ತೋಟ. ಅಪ್ಪಾಜಿಗೆ 61 ವರ್ಷ. ಹೋದ ವರ್ಷ ಯುಗಾದಿ ಆಗಿ ಒಂದು ವಾರಕ್ಕೆ ಸ್ಟ್ರೋಕ್ ಹೊಡೀತು, ಬಲಭಾಗ. ಈಗ 14 ತಿಂಗಳಾಯ್ತು. ಕೋಲು ಹಿಡ್ಕೊಂಡು ಕಣದ ತನಕ ಓಡಾಡ್ತಾರೆ, ಮಾತು ವಾಪಸ್ ಬಂದಿದೆ, ಆದ್ರೆ ಬಲಗೈ ಮುಷ್ಟಿ ಕಟ್ಕೊಂಡೇ ಇರುತ್ತೆ. ಮುಚ್ಚೋಕೆ ಬರುತ್ತೆ, ಬಿಚ್ಚೋಕೆ ಬರಲ್ಲ. ನನ್ ತಮ್ಮ ಹಾಸನದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ, ಪ್ರಾಜೆಕ್ಟ್‌ಗೆ ಅಂತ ಒಂದು ಗ್ಲವ್ ಮಾಡಿದಾನೆ. ಮುಂಗೈಗೆ ಸ್ನಾಯುವಿನ ಸಿಗ್ನಲ್ ಹಿಡಿಯೋ ಎರಡು ಇಎಂಜಿ ಸೆನ್ಸರ್ ಅಂಟಿಸ್ತಾನೆ, ಮೆಷಿನ್ ಲರ್ನಿಂಗ್ ಮಾಡೆಲ್ ಆ ಸಿಗ್ನಲ್ ನೋಡಿ ಬಿಚ್ಚಬೇಕಾ ಮುಚ್ಚಬೇಕಾ ಅಂತ ಹೇಳುತ್ತೆ, ಸರ್ವೋ ಮೋಟಾರ್ ದಾರ ಎಳೆದು ಬೆರಳು ಬಿಚ್ಚುತ್ತೆ. ಅವನ ಕೈಗೆ ಹಾಕಿದ್ರೆ 97 ಪರ್ಸೆಂಟ್ ಕರೆಕ್ಟು. ಅಪ್ಪಾಜಿಗೆ ಹಾಕಿ ಬಿಚ್ಚಿ ಅಂದ್ರೆ 'ಮುಚ್ಚು' ಅಂತಲೇ ತೋರಿಸುತ್ತೆ. ಇನ್ನೂ ದೊಡ್ಡ ಡೀಪ್ ಲರ್ನಿಂಗ್ ಮಾಡೆಲ್ ಹಾಕಿದ್ರೆ ಸರಿಹೋಗುತ್ತೆ ಅಂತಾನೆ. ಈ ಮಧ್ಯೆ ಬೆಂಗಳೂರಿಂದ ಒಬ್ಬ ಏಜೆಂಟ್ ಫೋನ್ ಮಾಡಿ, ಮೆದುಳಿನ ಯೋಚನೆ ಓದೋ ಎಐ ಗ್ಲವ್ ಇದೆ, 3 ಲಕ್ಷದ 40 ಸಾವಿರ, ಆರು ತಿಂಗಳಲ್ಲಿ ಕೈ ಮೊದಲಿನ ಹಾಗಾಗುತ್ತೆ ಅಂತಿದಾನೆ. ಮನೇಲಿರೋ ಮೆಣಸು ಮಾರಿ ತಗೊಳ್ಳೋಣ ಅಂತ ಅಮ್ಮ. ದೊಡ್ಡಪ್ಪ ಮಾತ್ರ ಮೆಷಿನ್ ಹಾಕಿದ್ರೆ ಕೈ ಸೋಮಾರಿ ಆಗುತ್ತೆ, ಮೈಗೆ ಕರೆಂಟ್ ಹೋಗುತ್ತೆ, ಬೇಡ ಅಂತಾರೆ. ಇನ್ನೊಂದು, ಅಪ್ಪಾಜಿ ಆಕಳಿಸುವಾಗ ಆ ಬಲಗೈ ತಾನಾಗೇ ಮೇಲೆ ಏಳುತ್ತೆ, ಅದು ಕೈ ವಾಪಸ್ ಬರೋ ಲಕ್ಷಣನಾ?

ಉತ್ತರ: ನಮಸ್ತೆ. ಪ್ರಶ್ನೆ ನಾಲ್ಕೈದು ಇದ್ರೂ ಬುಡದಲ್ಲಿ ಇರೋದು ಒಂದೇ, ಅಪ್ಪಾಜಿ ಕೈ ಬಿಚ್ಚೋಕೆ ಯಂತ್ರ ಸಹಾಯ ಮಾಡುತ್ತಾ, ಮಾಡೋದಾದ್ರೆ ಅದಕ್ಕೆ ಎಷ್ಟು ದುಡ್ಡು ಹಾಕಬಹುದು. ನಾನು ಬಯೋಮೆಡಿಕಲ್ ಇಂಜಿನಿಯರು, ಡಾಕ್ಟರ್ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಸ್ನಾಯುವಿನ ಸಿಗ್ನಲ್ ಹಿಡಿದು ಯಂತ್ರ ಓಡಿಸೋ ಕೆಲಸದಲ್ಲಿ ಹನ್ನೆರಡು ವರ್ಷ ಆಯ್ತು, ಅರ್ಧ ಲ್ಯಾಬಲ್ಲಿ, ಇನ್ನರ್ಧ ಹಾಸನದ ಸುತ್ತಮುತ್ತ ಸ್ಟ್ರೋಕ್ ಆದವರ ಮನೆ ಜಗಲಿ ಮೇಲೆ, ಲ್ಯಾಬಲ್ಲಿ ಸರಿ ಅಂದ್ಕೊಂಡಿದ್ದ ಎಷ್ಟೋ ವಿಷಯ ಜಗಲಿ ಮೇಲೆ ಸುಳ್ಳಾಗಿದ್ದು ನೋಡಿದೀನಿ. ಚಿಕ್ಕದಾಗಿ ಹೇಳೋದಾದ್ರೆ ಮೆಣಸು ಈಗ ಮಾರಬೇಡಿ, ತಮ್ಮನ ಗ್ಲವ್ ಬಿಸಾಡಬೇಡಿ, ದೊಡ್ಡ ಮಾಡೆಲ್ ಆಸೆ ಬಿಡಿ. ಯಾಕೆ ಅಂತ ಈಗ ಹೇಳ್ತೀನಿ.

ಮೆದುಳಿನ ಯೋಚನೆ ಓದೋ ಗ್ಲವ್ ಅನ್ನೋದು ಮೊದಲನೇ ಬೊಗಳೆ. ಮುಂಗೈಗೆ ಅಂಟಿಸೋ ಸೆನ್ಸರ್ ಯೋಚನೆ ಓದಲ್ಲ, ಸ್ನಾಯುನ ಓದುತ್ತೆ. ಮೆದುಳಿಂದ ಹೊರಟ ಆಜ್ಞೆ ಬೆನ್ನುಹುರಿಗೆ ಬಂದು, ಅಲ್ಲಿಂದ ನರದ ಮೂಲಕ ಸ್ನಾಯುವಿನ ಎಳೆಗಳಿಗೆ ಮುಟ್ಟಿದಾಗ ಆ ಎಳೆಗಳಲ್ಲಿ ಸಣ್ಣ ವಿದ್ಯುತ್ ಅಲೆ ಏಳುತ್ತೆ, ನೂರಾರು ಎಳೆಗಳ ಅಲೆ ಒಟ್ಟಾಗಿ ಚರ್ಮದ ಮೇಲೆ ಗದ್ದಲದ ತರ ಕೇಳಿಸುತ್ತೆ, ಆ ಗದ್ದಲಕ್ಕೆ ಇಎಂಜಿ ಅಂತ ಹೆಸರು. ಎಷ್ಟು ಸಣ್ಣದು ಅಂದ್ರೆ, ಗೋಡೆ ಗಡಿಯಾರಕ್ಕೆ ಹಾಕೋ ಪೆನ್ಸಿಲ್ ಸೆಲ್ 1.5 ವೋಲ್ಟು, ಅದನ್ನ ಸಾವಿರ ಪಾಲು ಮಾಡಿದ್ರೆ ಒಂದು ಪಾಲು 1.5 ಮಿಲಿವೋಲ್ಟ್, ಆರೋಗ್ಯವಾಗಿರೋ ಕೈ ಜೋರಾಗಿ ಮುಷ್ಟಿ ಹಿಡಿದಾಗ ಸಿಗೋದು ಹೆಚ್ಚುಕಮ್ಮಿ ಅಷ್ಟೇ. ಸ್ಟ್ರೋಕ್ ಆದ ಕೈಲಿ ಬೆರಳು ಬಿಚ್ಚೋ ಸ್ನಾಯುವಿಂದ ಬರೋದು ಅದಕ್ಕಿಂತ ಎಷ್ಟೋ ಕಮ್ಮಿ, ಕೆಲವರಲ್ಲಿ ಹತ್ತಿಪ್ಪತ್ತು ಮೈಕ್ರೋವೋಲ್ಟ್. ಅಂದ್ರೆ ಮೆದುಳಿಂದ ಸ್ನಾಯುವಿಗೆ ದಾರಿ ಎಲ್ಲಿ ಕೆಟ್ಟಿದ್ಯೋ, ಗ್ಲವ್‌ಗೆ ಕೇಳಿಸೋದು ಆ ಕೆಟ್ಟ ದಾರಿ ದಾಟಿ ಬಂದಿದ್ದು ಮಾತ್ರ.

ದೊಡ್ಡಪ್ಪನ ಕರೆಂಟ್ ಭಯಕ್ಕೂ ಇಲ್ಲೇ ಉತ್ತರ ಇದೆ. ಇಎಂಜಿ ಪ್ಯಾಚ್ ಮೈಯಿಂದ ಬರೋದನ್ನ ಕೇಳಿಸಿಕೊಳ್ಳುತ್ತೆ, ಒಳಗೆ ಕರೆಂಟ್ ಬಿಡಲ್ಲ. ಫಿಸಿಯೋದವರು ಕೊಡೋ ಸ್ಟಿಮ್ಯುಲೇಶನ್ ಬೇರೆ, ಅದು ಬೇಕಂತಲೇ ಕರೆಂಟ್ ಬಿಟ್ಟು ಸ್ನಾಯು ಕುಣಿಸೋದು, ಪೇಸ್‌ಮೇಕರ್ ಇದ್ದವರಿಗೆ ಡಾಕ್ಟರ್ ಕೇಳದೆ ಮಾಡಬಾರದು. ಆದ್ರೂ ದೊಡ್ಡಪ್ಪನ ಮಾತಲ್ಲಿ ಒಂದು ಹಿಡಿ ಸತ್ಯ ಇದೆ. ಪ್ಯಾಚಿನ ವೈರು ಬೋರ್ಡ್‌ಗೆ, ಬೋರ್ಡು ಲ್ಯಾಪ್‌ಟಾಪ್‌ಗೆ, ಲ್ಯಾಪ್‌ಟಾಪ್ ಚಾರ್ಜರ್ ಮೂಲಕ ಗೋಡೆ ಪ್ಲಗ್‌ಗೆ ಸಿಕ್ಕಿಸಿದ್ರೆ ಅಪ್ಪಾಜಿ ಕೈಗೂ ಗೋಡೆ ಕರೆಂಟ್‌ಗೂ ಮಧ್ಯೆ ಇರೋದು ಆ ಅಡಾಪ್ಟರ್ ಒಂದೇ, ಅಗ್ಗದ ಅಡಾಪ್ಟರ್ ನಂಬೋಕಾಗಲ್ಲ. ಕೈಗೆ ಪ್ಯಾಚ್ ಇರೋವರೆಗೂ ಲ್ಯಾಪ್‌ಟಾಪ್ ಬ್ಯಾಟರಿ ಮೇಲೇ ಇರಬೇಕು, ಮೋಟಾರಿಗೂ ಬ್ಯಾಟರಿನೇ. ಇದರಲ್ಲಿ ಒಂದು ದಿನಾನೂ ರಿಯಾಯ್ತಿ ಬೇಡ ಅಂತ ತಮ್ಮನಿಗೆ ಹೇಳಿ.

ಇನ್ನು ಅಸಲಿ ವಿಷಯ. ಅರಸೀಕೆರೆ ಕಡೆಯವರು ಒಬ್ರು, ತೆಂಗಿನ ತೋಟದವರು, ನಿಮ್ಮ ಅಪ್ಪಾಜಿ ವಯಸ್ಸೇ. ಏಪ್ರಿಲ್ ಬಿಸಿಲು, ಜಗಲಿ ಮೇಲೆ ಮೇಜಿಟ್ಟು, ಟವೆಲ್ ಮಡಚಿ ಅದರ ಮೇಲೆ ಅವರ ಕೈ ಇಟ್ಟೆ. ರೇಜರ್‌ನಲ್ಲಿ ಕೂದಲು ತೆಗೆದು ಸ್ಪಿರಿಟ್ ಹಾಕಿ ಒರೆಸಿ, ಮುಂಗೈ ಮೇಲ್ಭಾಗದಲ್ಲಿ ಬೆರಳು ಬಿಚ್ಚೋ ಸ್ನಾಯು ಮೇಲೆ ಒಂದು ಜೋಡಿ ಪ್ಯಾಚು, ಒಳಭಾಗದಲ್ಲಿ ಮುಚ್ಚೋ ಸ್ನಾಯು ಮೇಲೆ ಇನ್ನೊಂದು ಜೋಡಿ, ಮೊಣಕೈ ಮೂಳೆ ಮೇಲೆ ಹೋಲಿಸಿ ನೋಡೋಕೆ ಒಂದು ಗ್ರೌಂಡ್ ಪ್ಯಾಚು. ಸ್ಕ್ರೀನಲ್ಲಿ ಎರಡು ಗೆರೆ. ಸುಮ್ನೆ ಕೂತಿದ್ದಾಗಲೇ ಕೆಳಗಿನ ಗೆರೆ, ಅಂದ್ರೆ ಮುಚ್ಚೋದು, ತಣ್ಣಗಿರಲಿಲ್ಲ, ಕುದಿಯೋ ಎಸರಿನ ಹಾಗೆ ಸಣ್ಣಗೆ ಕುಣೀತಾನೇ ಇತ್ತು. 'ಈಗ ಬಿಚ್ಚಿ' ಅಂದೆ. ಮೇಲಿನ ಗೆರೆ ಒಂಚೂರು ದಪ್ಪ ಆಯ್ತು, ಅದೇ ಹೊತ್ತಿಗೆ ಕೆಳಗಿನ ಗೆರೆ ಅದರ ಮೂರು ಪಟ್ಟು ಎದ್ದು ಕೂತ್ಕೊಳ್ತು, ಹೆಬ್ಬೆರಳು ಒಳಗೆ ಸೇರಿ ಮುಷ್ಟಿ ಇನ್ನೂ ಬಿಗಿ ಆಯ್ತು, ಹಣೆ ಮೇಲೆ ಬೆವರು, ಅವರು ನನ್ನ ಮುಖ ನೋಡಿ 'ಬಿಚ್ತಾ ಇದೀನಲ್ಲಮ್ಮ' ಅಂದ್ರು.

ಅವರು ಸುಳ್ಳು ಹೇಳ್ತಿರಲಿಲ್ಲ, ನಿಜವಾಗ್ಲೂ ಬಿಚ್ತಾನೇ ಇದ್ರು. ಸ್ಟ್ರೋಕ್‌ನಲ್ಲಿ ಮೆದುಳಿಂದ ಇಳಿಯೋ ಮುಖ್ಯ ನರದ ದಾರಿಗೆ ಪೆಟ್ಟು ಬಿದ್ರೆ, ಬೇರೆ ಬೇರೆ ಸ್ನಾಯುಗಳನ್ನ ಬಿಡಿಬಿಡಿಯಾಗಿ ಕರೆಯೋ ಶಕ್ತಿ ಹೋಗುತ್ತೆ. ಒಬ್ಬರನ್ನ ಕರೆದ್ರೆ ಇಡೀ ಮನೆಯವರೆಲ್ಲ ಎದ್ದು ಬಂದ ಹಾಗೆ, ಬಿಚ್ಚು ಅಂತ ಹೇಳಿದ್ರೆ ಮುಚ್ಚೋ ಸ್ನಾಯುಗಳೂ ಎದ್ದು ಬರ್ತವೆ, ಮುಚ್ಚೋವೇ ಜೋರು. ಜೊತೆಗೆ ಬಿಗಿತ ಬೇರೆ, ಭುಜ ಎತ್ತಿದ್ರೆ, ಎದ್ದು ನಿಂತ್ರೆ, ಕೋಪ ಬಂದ್ರೆ, ಚಳಿಯಾದ್ರೆ ಮುಷ್ಟಿ ಇನ್ನೂ ಬಿಗಿಯೋದು ನೀವೇ ನೋಡಿರ್ತೀರ.

ಈಗ ತಮ್ಮನ ಮಾಡೆಲ್ ಕಡೆ ಬನ್ನಿ. ಅದು ಕಲಿತಿರೋದು ಅವನ ಕೈಯಿಂದ. ಅಲ್ಲಿ 'ಬಿಚ್ಚು' ಅಂದ್ರೆ ಮೇಲಿನ ಸ್ನಾಯು ಜೋರು, ಕೆಳಗಿನದು ಸುಮ್ನೆ. ಅಪ್ಪಾಜಿ ಬಿಚ್ಚೋಕೆ ಹೋದಾಗ ಅದಕ್ಕೆ ಕಾಣೋದು ಕೆಳಗಿನ ಸ್ನಾಯು ಜೋರು. ಅದರ ಲೆಕ್ಕದಲ್ಲಿ ಅದು 'ಮುಚ್ಚು'. ಮಾಡೆಲ್ ಸರಿಯಾಗೇ ಓದ್ತಿದೆ ಕಣ್ರಿ, ಆ ಕ್ಷಣಕ್ಕೆ ಅಪ್ಪಾಜಿ ಕೈ ನಿಜವಾಗ್ಲೂ ಮುಚ್ತಾ ಇದೆ. ನಮಗೆ ಬೇಕಾಗಿರೋದು ಕೈ ಏನು ಮಾಡ್ತಿದೆ ಅನ್ನೋದಲ್ಲ, ಅಪ್ಪಾಜಿ ಏನು ಮಾಡೋಕೆ ನೋಡ್ತಿದಾರೆ ಅನ್ನೋದು. ಸಾವಿರ ಪದರದ ಡೀಪ್ ಲರ್ನಿಂಗ್ ತಂದ್ರೂ ತಮ್ಮನ ಕೈಯ ಡೇಟಾದಲ್ಲಿ ಅಪ್ಪಾಜಿ ಕೈಯ ವಿಷಯ ಇಲ್ಲ, ಇಲ್ಲದ್ದನ್ನ ಎಲ್ಲಿಂದ ಕಲಿಯುತ್ತೆ?

ಆಕಳಿಕೆ ವಿಷಯ. ಸ್ಟ್ರೋಕ್ ಆದವರಲ್ಲಿ ಆಕಳಿಸುವಾಗ ಆ ಕಡೆ ಕೈ ತಾನಾಗೇ ಏಳೋದು ವೈದ್ಯರಿಗೆ ಗೊತ್ತಿರೋ ವಿಷಯ. ನಾವು ಬೇಕೂಂತ ಕೈ ಎತ್ತೋ ದಾರಿ ಬೇರೆ, ಅದು ಬರೋ ದಾರಿ ಬೇರೆ, ಮೆದುಳಿನ ಬುಡದ ಹಳೇ ದಾರಿ ಅಂತ ಭಾವಿಸ್ತಾರೆ. ಹಾಗಾಗಿ ಅದನ್ನ ವಾಸಿ ಆಗೋ ಲಕ್ಷಣ ಅಂತ ಎಣಿಸಬೇಡಿ, ಕೆಡೋ ಲಕ್ಷಣಾನೂ ಅಲ್ಲ, ಹೆದರಬೇಡಿ. ಆದ್ರೆ ಗ್ಲವ್ ಹಾಕಿದ್ದಾಗ ಆಕಳಿಸಿದ್ರೆ, ಕೆಮ್ಮಿದ್ರೆ, ಜೋರಾಗಿ ನಕ್ರೆ ಸಿಗ್ನಲ್ ಎಗರುತ್ತೆ, ಮೋಟಾರ್ ಓಡುತ್ತೆ. ಅರಸೀಕೆರೆಯವರಿಗೆ ನಾನು ಮಾಡಿಕೊಟ್ಟ ಮೊದಲ ಗ್ಲವ್ ಅವರು ಮೊಮ್ಮಗಳ ಜೊತೆ ನಕ್ಕಾಗೆಲ್ಲ ಓಡ್ತಿತ್ತು. ಆಮೇಲೆ ನಗು, ಕೆಮ್ಮು, ಆಕಳಿಕೆ ಎಲ್ಲಾನೂ ರೆಕಾರ್ಡ್ ಮಾಡಿ 'ಏನೂ ಮಾಡಬೇಡ' ಅನ್ನೋ ಗುಂಪಿಗೆ ಸೇರಿಸಬೇಕಾಯ್ತು, ಆ ತಾತನ್ನ ಬೇಕಂತ ನಗಿಸೋಕೆ ಅರ್ಧ ದಿನ ಹಿಡೀತು.

97 ಪರ್ಸೆಂಟ್ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಪ್ರತಿ ವರ್ಷ ಪ್ರಾಜೆಕ್ಟ್ ಎಕ್ಸಿಬಿಶನ್‌ನಲ್ಲಿ ಇದೇ ನಂಬರ್ ನೋಡ್ತೀನಿ. ಇಎಂಜಿನ ಚೂರು ಚೂರು ಮಾಡಿ ಓದ್ತಾರೆ, ಒಂದು ಚೂರು ಅಂದ್ರೆ ಸುಮಾರು 200 ಮಿಲಿಸೆಕೆಂಡು, 50 ಮಿಲಿಸೆಕೆಂಡ್ ಮುಂದೆ ಹೋಗಿ ಇನ್ನೊಂದು ಚೂರು, ಅಂದ್ರೆ ಪಕ್ಕದ ಎರಡು ಚೂರುಗಳಲ್ಲಿ ಮುಕ್ಕಾಲು ಭಾಗ ಒಂದೇ. ಈ ಚೂರುಗಳನ್ನೆಲ್ಲ ಕಲಸಿ 80 ಪರ್ಸೆಂಟ್ ಕಲಿಯೋಕೆ, 20 ಪರ್ಸೆಂಟ್ ಪರೀಕ್ಷೆಗೆ ಅಂತ ತೆಗೆದಿಟ್ರೆ ಪರೀಕ್ಷೆಗೆ ಬಂದಿದ್ದರ ಅಕ್ಕಪಕ್ಕದ್ದನ್ನ ಮಾಡೆಲ್ ಆಗಲೇ ನೋಡಿಬಿಟ್ಟಿರುತ್ತೆ. ಒಂದೇ ಮೂಟೆಯಿಂದ ಎರಡು ಬೊಗಸೆ ಕಾಫಿ ತೆಗೆದು, ಒಂದನ್ನ ಇನ್ನೊಂದರ ಜೊತೆ ಹೋಲಿಸಿ ನೋಡಿ ಎಷ್ಟು ಚೆನ್ನಾಗಿ ಮ್ಯಾಚ್ ಆಯ್ತು ಅಂದ ಹಾಗೆ. ತಮ್ಮನಿಗೆ ಹೇಳಿ, ಸೋಮವಾರ ಕಲಿಸಿ, ಪ್ಯಾಚ್ ಕಿತ್ತು, ಬುಧವಾರ ಮತ್ತೆ ಅಂಟಿಸಿ, ಹೊಸದಾಗಿ ಕಲಿಸದೆ ಪರೀಕ್ಷೆ ಮಾಡಲಿ. ಅವನ ಸ್ವಂತ ಕೈಲೇ ನಂಬರ್ ಧೊಪ್ ಅಂತ ಬೀಳುತ್ತೆ. ಬಿದ್ದಿದ್ದು ನೋಡಿ ಬೇಜಾರು ಬೇಡ, ಅದೇ ನಿಜವಾದ ನಂಬರು.

ಇನ್ನೊಂದು ನಾನು ಪಂದ್ಯ ಕಟ್ಟಿ ಹೇಳಬಲ್ಲೆ, ಅವನು ತಗೊಂಡಿರೋ ಸೆನ್ಸರಲ್ಲಿ ಎರಡು ಪಿನ್ ಇರುತ್ತೆ, ಕಚ್ಚಾ ಸಿಗ್ನಲ್ ಒಂದು, ಎನ್ವಲಪ್, ಅಂದ್ರೆ ಗದ್ದಲನ ಸವರಿ ಹೊರಗಿನ ಆಕಾರ ಮಾತ್ರ ಉಳಿಸಿದ್ದು, ಇನ್ನೊಂದು. ಮಕ್ಕಳೆಲ್ಲ ಎನ್ವಲಪ್ ಪಿನ್ನೇ ಹಾಕ್ಕೊಳ್ತಾರೆ, ನೋಡೋಕೆ ನೀಟಾಗಿ ಗುಡ್ಡದ ತರ ಬರುತ್ತೆ. ಆಮೇಲೆ 1993ರಲ್ಲಿ ಹಡ್ಜಿನ್ಸ್ ಮತ್ತವರ ಜೊತೆಗಾರರು ಹೇಳಿಕೊಟ್ಟ ಹಳೇ ಅಳತೆಗಳಿದಾವಲ್ಲ, ಸರಾಸರಿ ಎತ್ತರ, ಸೊನ್ನೆ ಎಷ್ಟು ಸಲ ದಾಟ್ತು, ಗೆರೆ ಎಷ್ಟು ಸಲ ದಿಕ್ಕು ಬದಲಿಸ್ತು, ಒಟ್ಟು ಗೆರೆ ಉದ್ದ ಎಷ್ಟು, ಅವನ್ನ ಅದರ ಮೇಲೆ ಲೆಕ್ಕ ಹಾಕ್ತಾರೆ. ಎನ್ವಲಪ್ ಯಾವತ್ತೂ ಸೊನ್ನೆ ದಾಟಲ್ಲ ಮಾರಾಯ್ರೆ, ಅದು ಸೊನ್ನೆ ಮೇಲೇ ಇರುತ್ತೆ! ಇಎಂಜಿನಲ್ಲಿ ಮಾಹಿತಿ ಇರೋದು 20ರಿಂದ 500 ಹರ್ಟ್ಸ್ ನಡುವೆ (ಹರ್ಟ್ಸ್ ಅಂದ್ರೆ ಸೆಕೆಂಡಿಗೆ ಎಷ್ಟು ಅಲೆ ಅಂತ), ಕಚ್ಚಾ ಸಿಗ್ನಲ್ ತಗೊಂಡು ಸೆಕೆಂಡಿಗೆ ಕನಿಷ್ಠ 1000 ಸಲ ಓದಬೇಕು. ಇಷ್ಟು ಮಾಡಿದ್ರೆ ಈ ನಾಲ್ಕು ಅಳತೆ ಮೇಲೆ ಎಲ್‌ಡಿಎ ಅನ್ನೋ ಹಳೇ ಸರಳ ಮಾಡೆಲ್ ಸಾಕು. ಅಪ್ಪಾಜಿಯಿಂದ ದಿನಕ್ಕೆ ಸಿಗೋದು ಇಪ್ಪತ್ತು ನಿಮಿಷದ ಡೇಟಾ, ಅಷ್ಟರಲ್ಲಿ ಡೀಪ್ ಲರ್ನಿಂಗ್ ಬಾಯಿಪಾಠ ಮಾಡುತ್ತೆ, ಕಲಿಯಲ್ಲ, ಎಲ್‌ಡಿಎನ ಬೇಕಾದ್ರೆ ದಿನಾ ಬೆಳಿಗ್ಗೆ ಎರಡು ನಿಮಿಷದಲ್ಲಿ ಹೊಸದಾಗಿ ಕಲಿಸಬಹುದು. ಈಗ ಫೇಸ್‌ಬುಕ್ ನಡೆಸೋ ಮೆಟಾ ಕಂಪನಿಯವರ ಇಎಂಜಿ ಓದೋ ಮಣಿಕಟ್ಟಿನ ಬ್ಯಾಂಡ್ ಯಾರು ಹಾಕಿದ್ರೂ ಕೆಲಸ ಮಾಡುತ್ತಲ್ಲ ಅಂತ ಅವನು ಕೇಳಬಹುದು. ಹೌದು, ಅದಕ್ಕೆ ಸಾವಿರಾರು ಜನರ ಕೈಯಿಂದ ಡೇಟಾ ತಗೊಂಡಿದಾರೆ, ಅದೂ ಬೆರಳು ಹೇಳಿದ ಹಾಗೆ ಕೇಳೋರದ್ದು. ನಿಮ್ಮ ಅಪ್ಪಾಜಿ ಮುಷ್ಟಿ ತರದ್ದು ಒಬ್ಬೊಬ್ಬರಲ್ಲಿ ಒಂದೊಂದು ತರ.

ಹಾಗಾದ್ರೆ ಅಪ್ಪಾಜಿ ಕೈಯದೇ ಡೇಟಾ ತಗೊಂಡ್ರೆ ಆಗುತ್ತಾ? ಆಗಬಹುದು. ಎರಡು ಪ್ಯಾಚಲ್ಲಿ ಬಿಚ್ಚೋದು ಮುಚ್ಚೋದು ಒಂದೇ ತರ ಕಂಡ್ರೂ ಮುಂಗೈ ಸುತ್ತ ಆರೆಂಟು ಕಡೆ ಕೇಳಿದಾಗ ವ್ಯತ್ಯಾಸ ಸಿಗೋದು ಎಷ್ಟೋ ಜನರಲ್ಲಿ ಇದೆ, ಸಂಶೋಧನೆಗಳಲ್ಲೂ ಕಂಡಿದೆ, ಆದ್ರೆ ಪೆಟ್ಟು ಜಾಸ್ತಿ ಆದಷ್ಟೂ ಆ ವ್ಯತ್ಯಾಸ ಮಸುಕಾಗುತ್ತೆ. ಸಿಗದೇ ಹೋದ್ರೆ ಬೇರೆ ಜಾಗದ ಸ್ನಾಯು, ಇಲ್ಲಾ ಎಡಗೈಲಿ ಒತ್ತೋ ಒಂದು ಸ್ವಿಚ್ಚು. ಸ್ವಿಚ್ ಅಂದ್ರೆ ಪ್ರಾಜೆಕ್ಟ್ ಮಾಡೋರಿಗೆ ಅವಮಾನ, ಉಪಯೋಗಿಸೋರಿಗೆ ಅಲ್ಲ.

ತಪ್ಪುಗಳೆಲ್ಲ ಒಂದೇ ಅಲ್ಲ, ಅದೂ ನೆನಪಿರಲಿ. ಬಿಚ್ಚಬೇಕಾದಾಗ ಬಿಚ್ಚದಿದ್ರೆ ಇನ್ನೊಂದು ಸಲ ಪ್ರಯತ್ನ ಮಾಡ್ತಾರೆ. ಬಿಸಿ ಕಾಫಿ ಲೋಟ ಹಿಡಿದಿದ್ದಾಗ ತಾನಾಗೇ ಬಿಚ್ಚಿದ್ರೆ ತೊಡೆ ಸುಡುತ್ತೆ. ಅದಕ್ಕೆ ಅನುಮಾನ ಬಂದ್ರೆ ಯಂತ್ರ ಸುಮ್ನಿರಬೇಕು, ಮೂರ್ನಾಲ್ಕು ಚೂರು ಒಂದೇ ಮಾತು ಹೇಳಿದ್ರೆ ಮಾತ್ರ ಮೋಟಾರ್ ಓಡಬೇಕು. ಹಾಗಂತ ತುಂಬಾ ಕಾಯಿಸೋಕೂ ಆಗಲ್ಲ, ಮನಸ್ಸು ಮಾಡಿದ್ದಕ್ಕೂ ಮೋಟಾರ್ ಹೊರಡೋದಕ್ಕೂ ಮಧ್ಯೆ 300 ಮಿಲಿಸೆಕೆಂಡ್ ದಾಟಿದ್ರೆ ಕೈ ತನ್ನದಲ್ಲ ಅನ್ನಿಸೋಕೆ ಶುರುವಾಗುತ್ತೆ.

ಇನ್ನು ನಮ್ಮ ಮಲೆನಾಡಿನ ಕಾಟ. ನಿಮ್ಮಲ್ಲಿ ಈಗ ಮಳೆ ಹಿಡಿದಿರುತ್ತೆ, ಕರೆಂಟ್ ಹೋಗುತ್ತೆ, ಯುಪಿಎಸ್ ಓಡುತ್ತೆ. ಕರೆಂಟಿನ 50 ಹರ್ಟ್ಸ್ ಗುಂಯ್ ಅನ್ನೋ ಸದ್ದು ವೈರೇ ಮುಟ್ಟದಿದ್ರೂ ಗಾಳಿಲೇ ಬಂದು ಪ್ಯಾಚಲ್ಲಿ ಸೇರ್ಕೊಳ್ಳುತ್ತೆ, ಅದಕ್ಕೊಂದು ಫಿಲ್ಟರ್ ಹಾಕಿರ್ತಾನೆ. ಮನೇಲಿರೋದು ಅಗ್ಗದ ಸ್ಕ್ವೇರ್ ವೇವ್ ಯುಪಿಎಸ್ ಆದ್ರೆ 150, 250 ಹರ್ಟ್ಸಲ್ಲೂ ಗಲಾಟೆ ಬರುತ್ತೆ, ಅದು ಸ್ನಾಯುವಿನ ಸಿಗ್ನಲ್ ಇರೋ ಜಾಗದಲ್ಲೇ. ಕಾಲೇಜಲ್ಲಿ ಚೆನ್ನಾಗಿದ್ದಿದ್ದು ತೋಟದ ಮನೇಲಿ ಕೆಡೋಕೆ ಎಷ್ಟೋ ಸಲ ಇದೇ ಕಾರಣ. ಬೆವರಿದ್ರೆ ಪ್ಯಾಚ್ ಜಾರುತ್ತೆ, ಚಳಿಗಾಲದಲ್ಲಿ ಚರ್ಮ ಒಣಗಿ ಸಿಗ್ನಲ್ ಮಂಕಾಗುತ್ತೆ, ಒಂದು ಸೆಂಟಿಮೀಟರ್ ಆಚೀಚೆ ಆದ್ರೆ ಪಕ್ಕದ ಸ್ನಾಯು ಕೇಳಿಸುತ್ತೆ. ಪ್ಯಾಚ್ ಸುತ್ತ ಮಾರ್ಕರ್ ಪೆನ್ನಲ್ಲಿ ಗೆರೆ ಹಾಕಿಡಿ, ಸ್ನಾನ ಮಾಡಿಸಿದ ಮೇಲೆ ಅಳಿಸೋಕೆ ಮುಂಚೆ ಮತ್ತೆ ಎಳೀರಿ. ಕೈ ಮೇಜಿನ ಮೇಲಿಟ್ಟು ಕಲಿಸಿದ ಮಾಡೆಲ್ ಕೈ ಎತ್ತಿದಾಗ ತಪ್ಪುತ್ತೆ, ಅದಕ್ಕೆ ಮೇಜಿನ ಮೇಲೆ, ತೊಡೆ ಮೇಲೆ, ಮುಂದೆ ಚಾಚಿ, ಮೂರು ಕಡೆನೂ ರೆಕಾರ್ಡ್ ಮಾಡಬೇಕು.

ಸಾಫ್ಟ್‌ವೇರ್‌ಗಿಂತ ನನಗೆ ಭಯ ಇರೋದು ಆ ಸರ್ವೋ ಬಗ್ಗೆ. ಬಿಗಿಯಾದ ಸ್ನಾಯುನ ಪಟ್ ಅಂತ ಎಳೆದ್ರೆ ಅದು ಇನ್ನೂ ಬಿಗಿಯುತ್ತೆ, ನಿಧಾನಕ್ಕೆ ಎಳೆದ್ರೆ ಬಿಡುತ್ತೆ, ಬಿಗಿತದ ಗುಣಾನೇ ಅದು. ಸರ್ವೋಗೆ ಅವಸರ ಜಾಸ್ತಿ. ಮುಷ್ಟಿಯಿಂದ ಪೂರ್ತಿ ಬಿಚ್ಚೋಕೆ ಐದಾರು ಸೆಕೆಂಡ್ ತಗೊಳ್ಳೋ ಹಾಗೆ ಮಾಡಿಸಿ, ಒಂದು ಮಿತಿ ದಾಟಿ ಬಲ ಬೇಕಾದ್ರೆ ಎಳೆಯೋದು ನಿಂತುಬಿಡಬೇಕು, ಬೆರಳು ಹಿಂದಕ್ಕೆ ಬಾಗದ ಹಾಗೆ ದಾರಕ್ಕೆ ಗಂಟು ಇರಬೇಕು, ಎಡಗೈಗೆ ಸಿಗೋ ಹಾಗೆ ಕೆಂಪು ಬಟನ್. ಮೋಟಾರ್, ಬ್ಯಾಟರಿ ಕೈ ಮೇಲೆ ಕಟ್ಟಬೇಡಿ, ಸ್ಟ್ರೋಕ್ ಆದ ಭುಜ ಮೊದಲೇ ಸಡಿಲ, ಭಾರ ಬಿದ್ರೆ ಕೀಲು ಜಾರಿ ನೋವು ಶುರುವಾಗುತ್ತೆ. ಸ್ಪರ್ಶ ಕಮ್ಮಿ ಆಗಿದ್ರೆ ದಾರ ಕೊರೆದು ಗಾಯ ಆದ್ರೂ ಅಪ್ಪಾಜಿಗೆ ಗೊತ್ತಾಗಲ್ಲ, ಪ್ರತಿ ಸಲ ಬಿಚ್ಚಿದ ಮೇಲೆ ಬೆರಳ ಸಂದಿ ನೀವೇ ನೋಡಿ.

ಕೈ ಸೋಮಾರಿ ಆಗುತ್ತಾ? ದೊಡ್ಡಪ್ಪನ ಈ ಮಾತು ಅರ್ಧ ನಿಜ. ಮೋಟಾರ್ ತಾನೇ ಬಿಚ್ಚಿ ಮುಚ್ಚಿ ಮಾಡ್ತಿದ್ರೆ, ಅಪ್ಪಾಜಿ ಟಿವಿ ನೋಡ್ತಾ ಕೂತಿದ್ರೆ, ಮೆದುಳಿಗೆ ಕೆಲಸ ಇಲ್ಲ. ಕೀಲು ಗಟ್ಟಿಯಾಗದಿರೋಕೆ ಅಷ್ಟು ಒಳ್ಳೇದು, ಅದಕ್ಕಿಂತ ಹೆಚ್ಚೇನೂ ನಿರೀಕ್ಷೆ ಬೇಡ. ಇಎಂಜಿಯ ಪ್ರಯೋಜನ ಇರೋದೇ ಇಲ್ಲಿ, ಅವರು ಪ್ರಯತ್ನ ಪಟ್ರೆ ಮಾತ್ರ ಮೋಟಾರ್ ಓಡುತ್ತೆ.

ಹೊರಗೆ ನಿಜವಾಗಿ ಏನು ಸಿಗುತ್ತೆ ಅಂದ್ರೆ, ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಸಂಕಾಯ್ ಅವರ ತಂಡ ಮಾಡಿದ ಹಾಲ್ ಅನ್ನೋ ಉಡುಪು ಕಾಲಿನ ಚರ್ಮದ ಮೇಲಿನ ಸಿಗ್ನಲ್ ಹಿಡಿದು ನಡೆಸುತ್ತೆ, ಯುರೋಪಲ್ಲಿ 2013ರಲ್ಲಿ, ಜಪಾನಲ್ಲಿ 2015ರಲ್ಲಿ ವೈದ್ಯಕೀಯ ಉಪಕರಣ ಅಂತ ಒಪ್ಪಿಗೆ ಸಿಕ್ಕಿದೆ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಮಯೋಪ್ರೋ ನಿಮ್ಮ ತಮ್ಮನದಕ್ಕೆ ಅಣ್ಣ ಇದ್ದ ಹಾಗೆ, ದುರ್ಬಲ ಕೈಯ ಇಎಂಜಿ ಓದಿ ಮೊಣಕೈ, ಮುಷ್ಟಿ ಓಡಿಸುತ್ತೆ. ಸುದ್ದಿಲಿ ಬರೋ, ಕಾಲಿಗೆ ಕಟ್ಟಿ ನಡೆಸೋ ರೋಬೋಟ್‌ಗಳಲ್ಲಿ ಹೆಚ್ಚಿನವು ಇಎಂಜಿ ನೋಡೋದೇ ಇಲ್ಲ, 2014ರಲ್ಲಿ ಅಮೆರಿಕದಲ್ಲಿ ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡೋ ಎಫ್‌ಡಿಎ ಒಪ್ಪಿದ ರೀವಾಕ್ ಮೈ ಮುಂದಕ್ಕೆ ಬಾಗೋದನ್ನ ನೋಡಿ ಹೆಜ್ಜೆ ಇಡುತ್ತೆ. ನಮ್ಮಲ್ಲೂ ಐಐಟಿ ಮದ್ರಾಸ್ ಮತ್ತೆ ವೆಲ್ಲೂರಿನ ಸಿಎಂಸಿಯವರು ಸೇರಿ ಪ್ಲೂಟೋ ಅಂತ ಕೈ ವ್ಯಾಯಾಮದ ಸಣ್ಣ ರೋಬೋಟ್ ಮಾಡಿದಾರೆ, ಒಂದೇ ಮೋಟಾರು, ಹಿಡಿ ಬದಲಿಸಿಕೊಂಡು ಮಣಿಕಟ್ಟು, ಬೆರಳು ಬೇರೆ ಬೇರೆ ಅಭ್ಯಾಸ. ಇಷ್ಟೆಲ್ಲ ಇದ್ರೂ 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಬ್ರಿಟನ್ನಿನ ಒಂದು ದೊಡ್ಡ ಪರೀಕ್ಷೆ ಬಂತು, 770 ಜನ ಸ್ಟ್ರೋಕ್ ಆದವರು, ರೋಬೋಟ್ ಜೊತೆ ಕೈ ಅಭ್ಯಾಸ ಮಾಡಿದವರ ಕೈ ಕೆಲಸ ಮಾಮೂಲಿ ಚಿಕಿತ್ಸೆಯವರಿಗಿಂತ ಸುಧಾರಿಸಲಿಲ್ಲ. ಅದು ಇಎಂಜಿ ರೋಬೋಟ್ ಅಲ್ಲ, ಆದ್ರೂ ಆರು ತಿಂಗಳಲ್ಲಿ ಮೊದಲಿನ ಹಾಗೆ ಅಂತ ಫೋನಲ್ಲಿ ಗ್ಯಾರಂಟಿ ಕೊಡೋರ ಮಾತು ಎಷ್ಟು ತೂಕದ್ದು ಅಂತ ಲೆಕ್ಕ ಹಾಕಿಕೊಳ್ಳಿ. ತಾನಾಗೇ ಬರೋ ಸುಧಾರಣೆಲಿ ಹೆಚ್ಚಿನದು ಮೊದಲ ಮೂರರಿಂದ ಆರು ತಿಂಗಳಲ್ಲೇ ಬಂದಿರುತ್ತೆ, 14 ತಿಂಗಳಾದ ಮೇಲೆ ಬರೋದು ನಿಧಾನ, ಅಭ್ಯಾಸದಿಂದ ಗಳಿಸಿದ್ದು. ಬರೋದೇ ಇಲ್ಲ ಅಂತಲ್ಲ.

ಆ ಏಜೆಂಟ್ ಮತ್ತೆ ಫೋನ್ ಮಾಡಿದ್ರೆ ಜಗಳ ಬೇಡ, ಗ್ಲವ್ ತಂದು ಅಪ್ಪಾಜಿ ಕೈಗೇ ಹಾಕಿ ತೋರಿಸಿ ಅನ್ನಿ, ಅವರ ಹುಡುಗನ ಕೈಗಲ್ಲ. ಎರಡು ದಿನ ಬಿಟ್ಟು ಇನ್ನೊಂದು ಸಲ. ಮುಂಗೈಗೆ ಪ್ಯಾಚೋ ಬ್ಯಾಂಡೋ ಇದ್ಯಾ ನೋಡಿ, ಇಲ್ದಿದ್ರೆ ಅದು ಸಿಗ್ನಲ್ ಓದೋ ಗ್ಲವ್ ಅಲ್ಲ. ಗಾಳಿ ತುಂಬಿಸಿ ಟೈಮಿಗೆ ಸರಿಯಾಗಿ ಬಿಚ್ಚಿ ಮುಚ್ಚೋ ಗ್ಲವ್, ಒಳ್ಳೇ ಕೈ ಮಾಡಿದ್ದನ್ನ ಇನ್ನೊಂದು ಕೈಗೆ ಮಾಡಿಸೋ ಗ್ಲವ್ ಆನ್‌ಲೈನಲ್ಲಿ ಕೆಲವು ಸಾವಿರಕ್ಕೆ ಸಿಗ್ತವೆ, ಅದಕ್ಕೇ ಎಐ ಸ್ಟಿಕ್ಕರ್ ಅಂಟಿಸಿ ಮಾರೋದು ನಾನೇ ನೋಡಿದೀನಿ. ಅಪ್ಪಾಜಿ ಪ್ರಯತ್ನ ಪಡದೆ ಸುಮ್ನೆ ಕೂತಾಗಲೂ ಓಡಿದ್ರೆ ಅಲ್ಲಿಗೆ ಗುಟ್ಟು ರಟ್ಟು. ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ, ಸಕಲೇಶಪುರಕ್ಕೆ ಬರ್ತಾರಾ ಅಂತಲೂ ಕೇಳಿ, ಅಲ್ಲಿಗೆ ಅರ್ಧ ಜನ ಫೋನ್ ಇಡ್ತಾರೆ.

ನಾನಾಗಿದ್ರೆ ಮಾಡೋ ಕ್ರಮ ಹೀಗೆ. ಮೊದಲು ನಿಮ್ಹಾನ್ಸ್‌ನಲ್ಲಿ ನರರೋಗದವರ ಪುನಶ್ಚೇತನ ವಿಭಾಗ ಇದೆ, ಅಲ್ಲಾಗಲಿ ಹತ್ತಿರದ ನರರೋಗ ತಜ್ಞರ ಹತ್ರ ಆಗಲಿ ಬಿಗಿತ ಎಷ್ಟಿದೆ ಅಂತ ಅಳೆಸ್ತೀನಿ. ಬಿಗಿತ ಜಾಸ್ತಿ ಇದ್ರೆ ಬೊಟಾಕ್ಸ್ ಇಂಜೆಕ್ಷನ್ ಕೊಡೋದಿದೆ, ಮುಚ್ಚೋ ಸ್ನಾಯುಗಳ ಅಬ್ಬರ ಸುಮಾರು ಮೂರು ತಿಂಗಳು ಇಳಿಯುತ್ತೆ. ಅದು ವಾಸಿ ಮಾಡಲ್ಲ, ಅಭ್ಯಾಸಕ್ಕೆ ಒಂದು ಸಂದಿ ಮಾಡಿಕೊಡುತ್ತೆ, ಖರ್ಚೂ ಇದೆ, ಕೈ ಹಿಡಿತ ಸ್ವಲ್ಪ ಕಮ್ಮಿ ಆಗಬಹುದು, ಬೇಕಾ ಬೇಡವಾ ಅಂತ ಹೇಳೋದು ಡಾಕ್ಟರ್. ಇಂಜೆಕ್ಷನ್ ಆದ ಮೇಲೆ ಸಿಗ್ನಲ್ಲೇ ಬದಲಾಗುತ್ತೆ, ಹಳೇ ಮಾಡೆಲ್ ಕಸದ ಬುಟ್ಟಿಗೆ, ತಮ್ಮನಿಗೆ ಮೊದಲೇ ಹೇಳಿರಿ. ರಾತ್ರಿಗೆ ಕೈ ಬಿಚ್ಚಿಡೋ ಸ್ಪ್ಲಿಂಟ್ ಬೇಕಾ ಅಂತ ಫಿಸಿಯೋ ಹತ್ರ ಕೇಳಿ. ಹಗಲು ನಿಜವಾದ ಕೆಲಸದ ಅಭ್ಯಾಸ, ಮೊರದಲ್ಲಿ ಕಾಫಿ ಬೀಜ ಸವರೋದು, ಟವೆಲ್ ಮೇಜಿನ ಮೇಲೆ ತಳ್ಳೋದು, ಏನಾದ್ರೂ ಸರಿ, ದಿನಕ್ಕೆ ನೂರಾರು ಸಲ ಆಗಬೇಕು.

ಇದರ ಜೊತೆಗೆ ತಮ್ಮನ ಸೆನ್ಸರ್, ಮೋಟಾರ್ ಇಲ್ಲದೆ. ನನಗೆ ಅತಿ ಹೆಚ್ಚು ಉಪಯೋಗ ಕಂಡಿರೋದು ಇದರಲ್ಲೇ, ಹೇಳಿದ್ರೆ ಯಾರಿಗೂ ರುಚಿಸಲ್ಲ, ಯಾಕಂದ್ರೆ ಏನೂ ಅಲ್ಲಾಡಲ್ಲ. ಎರಡು ಸ್ನಾಯುವಿಗೂ ಸ್ಕ್ರೀನಲ್ಲಿ ಎರಡು ಪಟ್ಟಿ ತೋರಿಸಲಿ, ಮುಚ್ಚೋದಕ್ಕೆ ಕೆಂಪು, ಅಪ್ಪಾಜಿಗೆ 'ಬಿಚ್ಚಿ' ಅನ್ನಬೇಡಿ, 'ಈ ಕೆಂಪು ಪಟ್ಟಿ ಇಳಿಸಿ' ಅನ್ನಿ, ಉಸಿರು ಬಿಡ್ತಾ. ಅರಸೀಕೆರೆಯವರಿಗೆ ಮುಚ್ಚೋ ಸ್ನಾಯುನ ಬೇಕು ಅಂದಾಗ ಸಡಿಲ ಬಿಡೋದು ಬರೋಕೆ ಮೂರು ವಾರ ಹಿಡೀತು, ಅದು ಬಂದ ಮೇಲೆ ಬಿಚ್ಚೋ ಗೆರೆ ಅದರ ಪಕ್ಕ ಎದ್ದು ಕಂಡಿತು. ಗ್ಲವ್ ಹಾಕಿದ್ದು ಆಮೇಲೆ, ಮೇಜಿನ ಮೇಲಷ್ಟೇ, ಇಪ್ಪತ್ತು ನಿಮಿಷ, ಪಕ್ಕದಲ್ಲಿ ಒಬ್ರು ಕೂತು. ಅವರ ಕೈ ಪೂರ್ತಿ ಬರಲಿಲ್ಲ. ಟವೆಲ್ ಹಿಡಿದು ಬಿಡೋಷ್ಟು ಬಂತು, ಉಗುರು ಅಂಗೈಗೆ ಚುಚ್ಚೋದು ನಿಂತು ತೊಳೆಯೋಕೆ ಸುಲಭ ಆಯ್ತು, ಅವರ ಹೆಂಡತಿಗೆ ಅದೇ ದೊಡ್ಡ ಸಮಾಧಾನ.

ಹಾಗಾಗಿ ತಮ್ಮ ಈ ವಾರಾಂತ್ಯ ಊರಿಗೆ ಬಂದಾಗ ಗ್ಲವ್ ಚೀಲದಲ್ಲೇ ಇರಲಿ. ಬೆಳಿಗ್ಗೆ ತಿಂಡಿ ಆದ ಮೇಲೆ ಅಪ್ಪಾಜಿ ಕೈ ಮೇಜಿನ ಮೇಲಿಟ್ಟು ಕಚ್ಚಾ ಸಿಗ್ನಲ್ ರೆಕಾರ್ಡ್ ಮಾಡಲಿ, ಐದು ಸೆಕೆಂಡ್ ಸುಮ್ನೆ, ಐದು ಸೆಕೆಂಡ್ ಬಿಚ್ಚೋ ಪ್ರಯತ್ನ, ಹದಿನೈದು ಸೆಕೆಂಡ್ ವಿಶ್ರಾಂತಿ, ಇದನ್ನ ಹತ್ತು ಸಲ, ಬೇರೆ ಬೇರೆ ದಿನ ಐದು ಸಲ. ಪ್ಯಾಚ್ ಹೇಗೆ ಅಂಟಿಸೋದು ಅಂತ ನಿಮಗೂ ಕಲಿಸಿಕೊಟ್ಟು ಹೋಗಲಿ, ವಾರದ ಮಧ್ಯೆ ಅವನು ಇರಲ್ಲ. ಆ ಫೈಲಲ್ಲಿ ಒಂದೇ ಒಂದು ವಿಷಯ ನೋಡಿ, ಪ್ರಯತ್ನ ಪಟ್ಟಾಗ ಮೇಲಿನ ಗೆರೆ, ಸುಮ್ನಿದ್ದಾಗಿನದಕ್ಕಿಂತ ಎದ್ದು ಕಾಣುತ್ತಾ ಇಲ್ವಾ. ಐದರಲ್ಲಿ ನಾಲ್ಕು ದಿನ ಎದ್ರೆ ಆ ರೆಕಾರ್ಡಿಂಗ್ ನನಗೂ ಕಳಿಸಿ, ಯಾವ ಪ್ಯಾಚ್ ಎಲ್ಲಿ ಅಂಟಿಸಿದ್ರಿ ಅಂತ ಒಂದು ಫೋಟೋ ಸಮೇತ, ಮುಂದಿನದು ಕೂತು ನೋಡೋಣ. ಏಳದೇ ಇದ್ರೂ ಕಳಿಸಿ, ಬೇರೆ ಯಾವ ಸ್ನಾಯು ಹಿಡಿಯಬಹುದು ಅಂತ ಹೇಳ್ತೀನಿ. ರೆಕಾರ್ಡ್ ಮಾಡೋವಾಗ ಯುಪಿಎಸ್ ಆಫ್ ಮಾಡಿಟ್ಟಿರಿ, ಪಂಪ್‌ಸೆಟ್ ಓಡ್ತಿದ್ರೆ ನಿಲ್ಲಲಿ, ಲ್ಯಾಪ್‌ಟಾಪ್ ಚಾರ್ಜರ್ ಗೋಡೆಯಿಂದ ತೆಗೆದಿರಲಿ.